ವೆಬ್‌ಸೈಟ್ ಕೊಳ್ಳುತ್ತಿದ್ದ ಅಣ್ಣ

ಹೋದ ವಾರ ಬಂಗಾರಪೇಟೆಯಲ್ಲಿ ರೈಲು ಇಳಿದು ಹೊರಗೆ ಬಂದೆ, ಮೂಗಿಗೆ ಪಾನಿಪುರಿ ನೀರಿನ ವಾಸನೆ ಬಡಿಯಿತು. ನಮ್ಮ ಕಡೆಯ ಪಾನಿಪುರಿ ನೀರಿಗೆ ಬಣ್ಣವಿಲ್ಲ. ನೋಡಿದರೆ ನಲ್ಲಿ ನೀರಿನಷ್ಟು ತಿಳಿ, ಬಾಯಿಗೆ ಬಿದ್ದ ಮೇಲೆ ಅದರ ಖಾರ ಗೊತ್ತಾಗುತ್ತದೆ. ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಇನ್ನೇನೋ... ಕಾಲು ತಾನಾಗಿಯೇ ನಿಂತಿತು. ತಲೆ ಎತ್ತಿ ಪಾನಿಪುರಿ ಗಾಡಿಯ ಹಿಂದಿನ ಮಹಡಿ ನೋಡಿದೆ. ಕಿಟಕಿಯ ಮೇಲೆ ಈಗ ಯಾರದೋ ಟ್ಯೂಷನ್ ಬೋರ್ಡು. ಆ ಕಿಟಕಿಯ ಹಿಂದೆ ಕೆಲವು ವರ್ಷಗಳ ಕೆಳಗೆ ಅಣ್ಣ ಕೂತಿರುತ್ತಿದ್ದರು.

ಸ್ವಂತ ಅಣ್ಣ ಅಲ್ಲ. ನನ್ನ ಯಜಮಾನರು, ಅಂದರೆ ನನಗೆ ಕೆಲಸ ಕೊಟ್ಟವರು. ಅದಕ್ಕೂ ಮೊದಲು ನಮ್ಮ ಗಿರಾಕಿ. ಅವರ ಕಸುಬು ಏನು ಎಂದು ನಮ್ಮೂರಲ್ಲಿ ಕೇಳಿದವರಿಗೆ ಹೇಳಿ ಹೇಳಿ ನನಗೆ ಸಾಕಾಗಿತ್ತು. ಬೇರೆಯವರು ಆಸೆಪಟ್ಟು ಶುರು ಮಾಡಿ, ನಾಲ್ಕಾರು ವರ್ಷ ನಡೆಸಿ, ಬೇಜಾರಾಗಿ ಕೈಬಿಡುವ ಹೊತ್ತಿಗೆ ಬಂದ ವೆಬ್‌ಸೈಟ್‌ಗಳನ್ನು ಅವರು ಕೊಳ್ಳುತ್ತಿದ್ದರು. ಮಾರಿಕುಪ್ಪಂ ರೈಲಿನಲ್ಲಿ ದಿನಾ ಬೆಂಗಳೂರಿಗೆ ಓಡಾಡುವ ಒಬ್ಬರು ಮಾಡಿದ್ದ ರೈಲು ಸಮಯದ ಸೈಟು, ಊರಿಗಾಂನ ಟೀಚರಮ್ಮ ಒಬ್ಬರ ಕೇಕಿನ ಸೈಟು, ಹೀಗೆ. ಕೊಂಡು, ಜಾಹೀರಾತು ಹಾಕಿ, ಸಾಕುತ್ತಿದ್ದರು. ಕೆಲವನ್ನು ಮಾರುತ್ತಿದ್ದರು. ಇದೂ ಒಂದು ಬದುಕಾ ಎಂದು ನಮ್ಮಪ್ಪ ಕೊನೆಯವರೆಗೂ ಕೇಳಿದರು.

ನಮ್ಮದು ಕ್ಯಾಸಂಬಳ್ಳಿ ರಸ್ತೆಯ ಮೇಲಿನ ಒಂದು ಹಳ್ಳಿ. ಹಸು, ರಾಗಿ, ಸ್ವಲ್ಪ ತರಕಾರಿ. ಡಿಗ್ರಿ ಮುಗಿಸಿ ಮನೆಯಲ್ಲಿ ಸುಮ್ಮನೆ ಕೂತಿದ್ದಾಗ ನಾನು ಒಂದು ಸೈಟು ಮಾಡಿದ್ದೆ. ಅದರಲ್ಲಿ ಇದ್ದದ್ದೆಲ್ಲ ನಮ್ಮಮ್ಮನ ಮಾತು. ಕರು ಹಾಲು ಕುಡಿಯದಿದ್ದರೆ ಏನು, ಹಸು ಮೇವು ಬಿಟ್ಟರೆ ಏನು ನೋಡಬೇಕು, ಯಾವಾಗ ಮನೆಯ ಉಪಾಯ ಸಾಕು, ಯಾವಾಗ ಡಾಕ್ಟರನ್ನು ಕರೆಯಲೇಬೇಕು. ಅಮ್ಮ ಹೇಳೋಳು, ನಾನು ಟೈಪ್ ಮಾಡೋಳು. ಕೆಳಗೆ ಅಮ್ಮನ ಫೋನ್ ನಂಬರ್ ಹಾಕಿದ್ದೆ. ಶಾಲೆಯ ಮೆಟ್ಟಿಲು ಹತ್ತದ ಅಮ್ಮನಿಗೆ ಮಂಡ್ಯದಿಂದ, ಹಾಸನದಿಂದ, ಎಲ್ಲೆಲ್ಲಿಂದಲೋ ಫೋನ್ ಬರತೊಡಗಿತು.

"ಅಲೋ... ಯಾರಪ್ಪ? ಯಾವೂರು? ನೆನ್ನೆ ಏನ್ ಮೇವು ಆಕಿದ್ರಿ, ಅದ್ನ ಏಳು ಮೊದ್ಲು."

ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಫೋನು ಕಿವಿಗೆ ಒತ್ತಿ, ಅಂಗಳದಲ್ಲಿ ಆ ಕಡೆಯಿಂದ ಈ ಕಡೆಗೆ ನಡೆಯುತ್ತಾ ಮಾತಾಡುತ್ತಿದ್ದಳು. ಮನೆಯಲ್ಲಿ ಅವಳ ಮಾತಿಗೆ ಅಷ್ಟು ಬೆಲೆ ಯಾರೂ ಕೊಟ್ಟಿರಲಿಲ್ಲ, ನಾನೂ ಸೇರಿ.

ಅಣ್ಣ ಸೈಟು ಕೇಳಲು ಬಂದದ್ದು ಹಸು ಕೇಳಲು ಬರುವವರ ಹಾಗೆ. ಕೂತರು, ಕಾಫಿ ಕುಡಿದರು, ಮಳೆ ವಿಚಾರ ಮಾತಾಡಿದರು, ಕೊಳ್ಳುವ ಮಾತನ್ನೇ ಎತ್ತಲಿಲ್ಲ. ಏಳುವಾಗ ಹೇಳಿದರು, "ಬೆಳಗ್ಗೆ ಒಂದ್ಸಲ ಬತ್ತೀನಮ್ಮ, ಸಂಜೆಗೊಂದ್ಸಲ. ಎರಡೊತ್ತೂ ನೋಡ್ಬೇಕು." ಅಮ್ಮ ನಕ್ಕುಬಿಟ್ಟಳು. ಹಾಲು ಕರೆಯುವುದನ್ನು ಎರಡು ಹೊತ್ತೂ ಕಣ್ಣಾರೆ ನೋಡದೆ ನಮ್ಮಲ್ಲಿ ಯಾರೂ ಹಸು ಕೊಳ್ಳುವುದಿಲ್ಲ. ಅವರೂ ಬಂಗಾರಪೇಟೆ ಪಕ್ಕದ ಹಳ್ಳಿಯವರು, ಹಾಲು ಹಾಕುವ ಮನೆಯವರು ಎಂದು ಆಮೇಲೆ ತಿಳಿಯಿತು. ಮತ್ತೆ ಬಂದು ನನ್ನ ಕಂಪ್ಯೂಟರ್ ಮುಂದೆ ಕೂತು ಅವರು ಕೇಳಿದ್ದು ಒಂದೇ ಮಾತು. ನೀನು ಏನೂ ಬರೆಯದ ದಿನ ಸೈಟಿಗೆ ಯಾರು ಬರ್ತಾರೆ?

"ಕರು ತಂದು ಸಾಕೋಕೆ ನನ್ಗೆ ತಾಳ್ಮೆ ಇಲ್ಲ ಕಣಮ್ಮ. ಆಗ್ಲೇ ಕರೀತಿರೋ ಅಸು ಬೇಕು. ಜನಕ್ಕೆ ದಾರಿ ಅಭ್ಯಾಸ ಆಗಿರ್ಬೇಕು."

ಸೈಟಿನ ಜೊತೆ ಅಮ್ಮನ ಸಿಮ್ಮನ್ನೂ ಕೇಳಿದರು. ಜನ ಆ ನಂಬರಿಗೆ ಒಗ್ಗಿದ್ದಾರೆ ಎಂಬುದು ಅವರ ವಾದ. ಅಮ್ಮ ಒಪ್ಪಲಿಲ್ಲ. "ಅಸು ಮಾರಿದ್ರೆ ಅಗ್ಗ ಕೊಡ್ತಾರೇನಪ್ಪ? ಅಗ್ಗ ನಮ್ಮನೇಲೇ ಇರ್ಬೇಕು," ಎಂದಳು. ಹಸು ಮಾರಿದರೂ ಕಟ್ಟಿದ ಹಗ್ಗವನ್ನು ನಮ್ಮ ಕಡೆ ಕೊಡುವುದಿಲ್ಲ. ಅದು ಅಣ್ಣನಿಗೂ ಗೊತ್ತಿತ್ತು, ಸರಿ, ಆಗ್ಲಿ ಎಂದರು. ಸೈಟು ಅವರದಾಯಿತು, ನಂಬರು ಅಮ್ಮನ ಹತ್ತಿರವೇ ಉಳಿಯಿತು. ಅದನ್ನು ಬರೆದು ನಡೆಸುವ ಕೆಲಸವನ್ನು ನನಗೇ ಕೊಟ್ಟರು. ನಾನು ಊರಿಗಾಂಗೆ ಬಸ್ಸಿನಲ್ಲಿ ಬಂದು, ಅಲ್ಲಿ ರೈಲು ಹತ್ತಿ, ದಿನಾ ಬಂಗಾರಪೇಟೆಯ ಆ ಮಹಡಿಗೆ ಹೋಗತೊಡಗಿದೆ.

ಒಳ್ಳೆಯ ದಿನಗಳು. ಮಧ್ಯಾಹ್ನವಾದರೆ ಕೆಳಗಿನ ಗಾಡಿಯ ವಾಸನೆ ಕಿಟಕಿಯಿಂದ ಒಳಗೆ ಬರೋದು, ಅಣ್ಣ ಕೈ ಆಡಿಸಿದರೆ ಎರಡು ಪ್ಲೇಟು ಮೇಲೆ ಬರೋದು. ತಿನ್ನುತ್ತಾ ಮಾತಾಡುತ್ತಿದ್ದರು. ಹೊಸದಾಗಿ ಕೊಂಡ ಸೈಟಿನಲ್ಲಿ ತಿಂಗಳುಗಟ್ಟಲೆ ಒಂದು ಅಕ್ಷರವನ್ನೂ ಬದಲಾಯಿಸಲು ಬಿಡುತ್ತಿರಲಿಲ್ಲ. ಹೊಸ ಹಸುವಿಗೆ ಬಂದ ದಿನವೇ ಮೇವು ಬದಲಾಯಿಸಬಾರದು ಎನ್ನುತ್ತಿದ್ದರು. ನನಗೋ ಆಗ ವೈರಲ್ ವಿಡಿಯೋಗಳ ಹುಚ್ಚು. ನಾವೂ ಒಂದು ಮಾಡೋಣ ಅಣ್ಣ, ಒಂದೇ ದಿನದಲ್ಲಿ ಊರೆಲ್ಲ ಬರ್ತದೆ ಎಂದು ಜೀವ ತಿನ್ನುತ್ತಿದ್ದೆ. ಅವರು ತಲೆ ಅಲ್ಲಾಡಿಸುತ್ತಿದ್ದರು.

"ಆಲು ಉಕ್ಕೋದು ನೋಡಿದ್ದೀಯಲ್ಲ? ಉಕ್ಕುವಾಗ ಪಾತ್ರೆ ತುಂಬ ಆಲೇ ಆಲು. ಒಲೆ ಆರಿಸಿ ನೋಡು, ಮೊದ್ಲು ಇದ್ದಿದ್ದಕ್ಕಿಂತ ಕಮ್ಮಿ ಇರ್ತದೆ. ವೈರಲ್ ಅಂದ್ರೆ ಅಷ್ಟೇ ಕಣಮ್ಮ. ನಗಕ್ಕೆ ಬಂದವ್ನು ನಕ್ಕು ಓಗ್ತಾನೆ. ಕಾಯ್ಲೆ ಕರು ಇಟ್ಕಂಡು ಬಂದವ್ನು ಮತ್ತೆ ಬತ್ತಾನೆ."

ನನಗೆ ಆ ಮಾತು ನಾಟಿತ್ತು. ನಾಟಿದ್ದರಿಂದಲೇ ಮುಂದೆ ಆದದ್ದು ಇವತ್ತಿಗೂ ನನಗೆ ಅರ್ಥವಾಗಿಲ್ಲ.

ಒಂದು ಸಂಜೆ ಅಣ್ಣ ನಮ್ಮ ಮನೆಗೆ ಬಂದಿದ್ದರು. ಕೊಟ್ಟಿಗೆಯಲ್ಲಿ ಅಮ್ಮ ಹಾಲು ಕರೆಯುತ್ತಿದ್ದಳು. ಕರೆದು ಮುಗಿಯುವ ಹೊತ್ತಿಗೆ ಹಸು ಬಕೆಟ್ಟಿಗೆ ಒದ್ದಿತು. ಹಾಲೆಲ್ಲ ನೆಲದ ಪಾಲು. ಅಮ್ಮ ಎದ್ದು ನಿಂತು, ಸೊಂಟದ ಮೇಲೆ ಕೈ ಇಟ್ಟು, ಮಗಳಿಗೆ ಬಯ್ಯುವ ಹಾಗೆ ಬೈದಳು.

"ಏಯ್, ಮಹಾರಾಣಿ! ನೀಕೇಮಿ ತಕ್ಕುವ ಚೇಶಾನೇ ನೇನು? ಬೂಸಾ ಆಕ್ಲಿಲ್ವಾ? ಇಂಡಿ ಆಕ್ಲಿಲ್ವಾ? ಈಗ ಡೈರಿಗೆ ಯಾರೇ ಉತ್ರ ಏಳೋರು? ನೀನೇ ಓಗಿ ಏಳೇ! ಪೋಡೀ!"

ತೆಲುಗಿನಲ್ಲಿ ಅವಳು ಕೇಳಿದ್ದು ನಿನಗೇನು ಕಡಿಮೆ ಮಾಡಿದ್ದೀನಿ ಎಂದು, ಕೊನೆಗೆ ತಮಿಳಿನಲ್ಲಿ ಅಂದದ್ದು ಹೋಗೇ ಎಂದು. ಹಸು ಅವಳನ್ನೇ ನೋಡುತ್ತಾ ನಿಧಾನವಾಗಿ ಮೆಲುಕು ಹಾಕಿತು. ಅಣ್ಣ ಅದನ್ನು ಫೋನಿನಲ್ಲಿ ಹಿಡಿದಿದ್ದರು. ಮಾರನೆಯ ದಿನ ನಾನು ರೈಲಿನಲ್ಲಿ ಕೂತಿರುವಾಗ ಎದುರು ಸೀಟಿನವರ ಫೋನಿನಿಂದ ನಮ್ಮಮ್ಮನ ದನಿ ಬಂತು. ಅಣ್ಣ ಅದನ್ನು ಸೈಟಿಗೆ ಹಾಕಿದ್ದರು. ಕೆಳಗೆ ಸೈಟಿನ ಹೆಸರು, ಅಮ್ಮನ ನಂಬರು. ನೋಡನೋಡುತ್ತಿದ್ದಂತೆ ಎಲ್ಲ ಕಡೆ ಅದೇ. "ನೀನೇ ಓಗಿ ಏಳೇ" ಎಂದು ಮಕ್ಕಳು ಬೀದಿಯಲ್ಲಿ ಕೂಗತೊಡಗಿದರು.

ಮೊದಮೊದಲು ಅಮ್ಮನಿಗೂ ನಗು ಬಂತು. ಆಮೇಲೆ ಫೋನು ಶುರುವಾಯಿತು. ಎತ್ತಿದರೆ ಯಾರೋ ಕಿಸಕ್ಕನೆ ನಕ್ಕು, ಅಜ್ಜಿ, ಒಂದ್ಸಲ ಬೈಯಿ ಅಜ್ಜಿ ಎನ್ನುತ್ತಿದ್ದರು. ಇಟ್ಟರೆ ಇನ್ನೊಬ್ಬರು. ಅಮ್ಮ ಪ್ರತಿಯೊಂದಕ್ಕೂ "ಯಾವೂರಪ್ಪ, ಏನ್ ಮೇವು ಆಕಿದ್ರಿ" ಎಂದೇ ಶುರು ಮಾಡೋಳು. ಅದಕ್ಕೂ ನಗು.

ಆ ಗದ್ದಲದ ನಡುವೆ ಒಂದು ದಿನ ಕ್ಯಾಸಂಬಳ್ಳಿ ಕಡೆಯ ಒಬ್ಬ ಹೆಂಗಸು ಗಂಡನ ಬೈಕಿನಲ್ಲಿ ನಮ್ಮ ಮನೆ ಬಾಗಿಲಿಗೇ ಬಂದಳು. ಅವರ ಹಸುವಿಗೆ ಹೊಟ್ಟೆ ಉಬ್ಬರಿಸಿತ್ತು.

"ಬೆಳಗ್ಗಿಂದ ಫೋನ್ ಮಾಡ್ತಾನೇ ಅವ್ನಿ ಕಣಮ್ಮ. ಬರೀ ಬಿಜಿ ಬಿಜಿ ಅಂತೈತೆ. ಡಾಕ್ಟ್ರೂ ಬೇರೆ ಊರಿಗೋಗವ್ರೆ."

ಅಮ್ಮ ಚಪ್ಪಲಿಯನ್ನೂ ಹಾಕಿಕೊಳ್ಳದೆ ಆ ಬೈಕಿನ ಹಿಂದೆ ಕೂತು ಹೋದಳು. ಹೋಗುವಷ್ಟರಲ್ಲಿ ಹಸುವಿನ ಕಥೆ ಮುಗಿದಿತ್ತು. ವಾಪಸ್ಸು ಬಂದು ಜಗುಲಿಯ ಮೇಲೆ ಕೂತು ಬರಿಗಾಲಿನ ಮಣ್ಣು ಒರೆಸಿಕೊಂಡಳು. "ನಾನೆತ್ತಿದ್ರೂ ಉಳೀತಿತ್ತೋ ಇಲ್ವೋ..." ಎಂದಳು. ಫೋನನ್ನು ಆರಿಸಿ ರಾಗಿ ಡಬ್ಬದ ಹಿಂದೆ ಇಟ್ಟಳು.

ನನಗೆ ಮೈಯೆಲ್ಲ ಉರಿಯಿತು. ಜಗಳಕ್ಕೆಂದೇ ಬಂಗಾರಪೇಟೆಗೆ ಹೋದೆ. ಮೆಟ್ಟಿಲು ಹತ್ತಿ ಬಾಗಿಲಲ್ಲಿ ನಿಂತರೆ ಒಳಗೆ ಬೆಂಗಳೂರಿನ ಇಬ್ಬರು ಕೂತಿದ್ದರು. ನಮ್ಮ ಸೈಟನ್ನು ಕೊಳ್ಳಲು ಬಂದವರು. ಅಣ್ಣನ ಕಂಪ್ಯೂಟರಿನಲ್ಲಿ ಸೈಟಿಗೆ ಬಂದವರ ಲೆಕ್ಕದ ಗೆರೆ ನೆಟ್ಟಗೆ ಮೇಲಕ್ಕೆ ಹೋಗಿತ್ತು, ಅದನ್ನು ನೋಡಿ ಅವರಿಬ್ಬರ ಮುಖ ಅರಳಿತ್ತು. ನನಗೆ ತಟ್ಟನೆ ಹೊಳೆಯಿತು. ಸಂತೆಗೆ ಹಸು ಹೊಡೆದುಕೊಂಡು ಹೋಗುವ ಕೆಲವರು ಹಿಂದಿನ ಹೊತ್ತು ಹಾಲೇ ಕರೆಯುವುದಿಲ್ಲ. ಕೆಚ್ಚಲು ಬಿಗಿದು ತುಂಬಿಕೊಂಡಿದ್ದರೆ ಕೊಳ್ಳುವವನ ಕಣ್ಣು ಅಲ್ಲೇ ನಿಲ್ಲುತ್ತದೆ. ಅಣ್ಣ ಮಾಡಿದ್ದು ಅದೇ. ನಮ್ಮಮ್ಮನ ಬೈಗುಳದಿಂದ ಕೆಚ್ಚಲು ತುಂಬಿಸಿದ್ದರು.

ಅವರು ನನ್ನನ್ನು ನೋಡಿದರು. ನಾನು ಬಾಯಿ ತೆರೆಯುವ ಮೊದಲೇ ಆ ಇಬ್ಬರ ಕಡೆ ತಿರುಗಿ, "ಈ ಗೆರೆ ನಂಬ್ಬೇಡಿ ಸಾರ್. ಇದು ವಿಡಿಯೋಗೆ ಬಂದ ಜನ. ನಿಜವಾದ ಜನ ಇದ್ರಲ್ಲಿ ಸ್ವಲ್ಪನೇ. ಎಲ್ಲ ತಣ್ಣಗಾದ ಮೇಲೆ ಬಂದು ನೋಡಿ," ಎಂದರು. ಆ ಇಬ್ಬರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಫೋನ್ ಮಾಡ್ತೀವಿ ಎಂದು ಎದ್ದು ಹೋದರು. ಮತ್ತೆ ಬರಲಿಲ್ಲ.

ಈ ಮಾತನ್ನು ಹೇಳುವುದಾಗಿ ಅಣ್ಣ ಮೊದಲೇ ಅಂದುಕೊಂಡಿದ್ದರೋ, ನನ್ನ ಮುಖ ನೋಡಿ ಹೇಳಿದರೋ... ಕೇಳಿದೆ. ಮಾರೋದಕ್ಕೇ ಅಲ್ವಾ ಅಣ್ಣ ವಿಡಿಯೋ ಹಾಕಿದ್ದು ಎಂದು ಕೂಗಿಯೇ ಕೇಳಿದೆ. ಹಸು ಸತ್ತ ಸುದ್ದಿ ಹೇಳಿದೆ. ಅವರು ಕುರ್ಚಿಗೆ ಬಂದು ಕೂತು ಕಂಪ್ಯೂಟರನ್ನು ಆರಿಸಿದರು.

"ಆಕಿದಾಗ ಮಾರೋ ಯೋಚ್ನೆ ಇರ್ಲಿಲ್ಲ ಕಣಮ್ಮ. ಅಮ್ಮ ಬೈದಿದ್ದು ಕೇಳಿ ನಗು ಬಂತು, ಆಕ್ಬಿಟ್ಟೆ. ಆಮೇಲೆ ಜನ ಬಂದಿದ್ದು ನೋಡಿ ಇವ್ರಿಗೆ ಫೋನ್ ಮಾಡ್ದೆ. ನಗು ಬಂದಿದ್ದೂ ನಿಜ, ಫೋನ್ ಮಾಡಿದ್ದೂ ನಿಜ. ಯಾವ್ದು ಮೊದ್ಲು ಅಂತ ಈಗ ನನ್ಗೇ ಸರ್ಯಾಗಿ ಗೊತ್ತಾಯ್ತಿಲ್ಲ."

ಅಷ್ಟರಲ್ಲಿ ಕೆಳಗಿನಿಂದ ಎರಡು ಪ್ಲೇಟು ಪಾನಿಪುರಿ ಬಂತು. ಯಾವಾಗ ಕೈ ಆಡಿಸಿದ್ದರೋ ದೇವರೇ ಬಲ್ಲ. ನಾನು ಮುಟ್ಟಲಿಲ್ಲ. ಇನ್ನು ಕೆಲಸಕ್ಕೆ ಬರೋದಿಲ್ಲ ಎಂದು ಹೇಳಿ ಇಳಿದು ಬಂದೆ.

ಆ ಸಂಜೆಯೇ ಅವರು ಸೈಟಿನಿಂದ ವಿಡಿಯೋ ತೆಗೆದರು. ತೆಗೆದು ಏನು ಬಂತು, ಅಷ್ಟು ಹೊತ್ತಿಗೆ ಅದು ಊರೂರು ಸುತ್ತುತ್ತಿತ್ತು. ಕೆಲವು ದಿನ ಬಿಟ್ಟು ಮನೆಗೆ ಬಂದರು. ಅಮ್ಮ ಏನೂ ಆಗಿಲ್ಲವೆಂಬಂತೆ ಕಾಫಿ ಕೊಟ್ಟಳು. ನಾನು ಒಳಗೆ ಪಾತ್ರೆಗಳನ್ನು ಬೇಕೆಂದೇ ಸದ್ದು ಮಾಡಿ ತೊಳೆದೆ.

"ಸೈಟು ನೀವೇ ವಾಪಸ್ ಇಟ್ಕಳ್ಳಿ ಅಮ್ಮ. ನನ್ಗೇನೂ ಕೊಡೋದು ಬೇಡ. ಫೋನ್ ಮಾತ್ರ ಆನ್ ಮಾಡಿ."

"ಮಾರಿದ್ನ ವಾಪಸ್ ಕಟ್ಕಂಡ್ರೆ ಜನ ಏನಂತಾರಪ್ಪ? ನಗೋರು ನಿಲ್ಲಲಿ. ಆಮೇಲೆ ನೋಡನ," ಎಂದಳು ಅಮ್ಮ. ಕ್ಷಮಿಸಿದಳೋ, ಸುಮ್ಮನೆ ಮುಂದೂಡಿದಳೋ ಅದೂ ನನಗೆ ತಿಳಿಯಲಿಲ್ಲ.

ನಗುವವರು ನಿಲ್ಲುವ ಮೊದಲೇ ಅಣ್ಣ ಹೋಗಿಬಿಟ್ಟರು. ಮಧ್ಯಾಹ್ನ ಊಟ ಮಾಡಿ ಅದೇ ಕುರ್ಚಿಗೆ ಒರಗಿದವರು ಏಳಲಿಲ್ಲವಂತೆ. ಪಾನಿಪುರಿ ಗಾಡಿಯವರು ಫೋನ್ ಮಾಡಿ ಹೇಳಿದರು. ನನಗೆ ಮೊದಲು ಬಂದದ್ದು ಅಳುವಲ್ಲ, ಸಿಟ್ಟು. ಹೀಗೆ ಅರ್ಧಕ್ಕೆ ಬಿಟ್ಟು ಹೋಗೋದಾ ಎಂದು.

ವರ್ಷಕ್ಕೊಮ್ಮೆ ಹಣ ಕಟ್ಟಿ ಉಳಿಸಿಕೊಳ್ಳಬೇಕಾದ ಸೈಟು, ಕಟ್ಟುವವರಿಲ್ಲದೆ ನಿಂತಿತು. ಆ ವಿಳಾಸವನ್ನು ಯಾರೋ ಕೊಂಡರು. ಈಗ ಅದನ್ನು ತೆರೆದರೆ ರಮ್ಮಿ ಆಟ ಬರುತ್ತದೆ. ಅಮ್ಮ ಹೇಳಿದ್ದೆಲ್ಲ ಹೋಯಿತು. ವಿಡಿಯೋ ಮಾತ್ರ ಇನ್ನೂ ಓಡಾಡುತ್ತಿದೆ. ಬೇರೆ ಬೇರೆ ಹಾಡು ಸೇರಿಸಿಕೊಂಡು, ಬೇರೆ ಬೇರೆ ಊರಿನ ಅಜ್ಜಿಯಾಗಿ. ಯಾವುದು ನಿಲ್ಲುತ್ತದೆ ಎಂದು ಅಣ್ಣ ಆಣೆ ಮಾಡಿ ಹೇಳುತ್ತಿದ್ದರೋ ಅದು ಅವರ ಜೊತೆಗೇ ಹೋಯಿತು. ಆರಿಹೋಗುತ್ತದೆ ಅಂದದ್ದು ಉಳಿಯಿತು. ಹಾಗಾದರೆ ಅವರು ನನಗೆ ಕಲಿಸಿದ್ದೆಲ್ಲ ಸುಳ್ಳೇ? ಮೋಸ ಮಾಡಿದವರೇ, ಮಾಡಲು ಹೋಗಿ ಆಗದೆ ನಿಂತವರೇ? ಇದನ್ನೆಲ್ಲ ಅವರ ಹತ್ತಿರವೇ ವಾದ ಮಾಡಬೇಕಿತ್ತು. ಬೇರೆ ಯಾರ ಹತ್ತಿರ ಮಾಡಿದರೂ ಅರ್ಥವಾಗುವುದಿಲ್ಲ.

ಹೋದ ವಾರ ಮನೆಗೆ ಬಂದು, ಆ ಮಹಡಿಯ ಕೆಳಗೆ ನಿಂತಿದ್ದೆ ಎಂದು ಅಮ್ಮನಿಗೆ ಹೇಳಿದೆ. ಅವಳು ಸೊಪ್ಪು ಬಿಡಿಸುತ್ತಿದ್ದಳು. ಕೈಯಲ್ಲಿದ್ದ ಕಂತೆ ಮುಗಿಸಿ, "ಆ ವಿಡಿಯೋ ಅದೆಯಾ ನಿನ್ನತ್ರ?" ಎಂದು ಕೇಳಿದಳು. ಇಷ್ಟು ವರ್ಷ ಅವಳು ಅದನ್ನು ಒಂದು ಸಲವೂ ಪೂರ್ತಿ ನೋಡಿರಲಿಲ್ಲ. ನಾನೂ ಸಿಟ್ಟಿಗೆ ಅರ್ಧದಲ್ಲೇ ನಿಲ್ಲಿಸುತ್ತಿದ್ದೆ. ಹುಡುಕಲು ಕಷ್ಟವೇನಿಲ್ಲ. ಸಿಕ್ಕಿತು, ಹಾಡಿಲ್ಲದ ಮೊದಲಿನದೇ. ಇಬ್ಬರೂ ತಲೆ ತಲೆ ತಾಗಿಸಿ ನೋಡಿದೆವು.

ಅಮ್ಮ ಬೈದಳು, ಹಸು ಮೆಲುಕು ಹಾಕಿತು. ಆಮೇಲೆ ಚಿತ್ರ ಗಡಗಡ ನಡುಗಿತು, ಫೋನು ಹಿಡಿದ ಕೈ ನಗುವಿಗೆ ಅಲ್ಲಾಡುತ್ತಿತ್ತು. ಅಣ್ಣ ನಗುತ್ತಿದ್ದರು. ತಡೆಯಲಾಗದೆ, ಉಸಿರು ಸಿಕ್ಕಿಕೊಂಡು, ಅಯ್ಯೋ ಅಮ್ಮಾ ಅಯ್ಯೋ ಎನ್ನುತ್ತಾ. ಆ ನಗುವಿನಲ್ಲಿ ಮಾರುವ ಯೋಚನೆ ಇತ್ತೋ ಇಲ್ಲವೋ ಎಂದು ಕಿವಿಗೊಟ್ಟು ಕೇಳಿದೆ. ನನಗೆ ಕೇಳಿಸಿದ್ದು ನಗು ಅಷ್ಟೇ. ಅವರು ಇನ್ನಿಲ್ಲ ಎಂಬುದು ಆಗ ಎದೆಗೆ ಒದ್ದ ಹಾಗಾಯಿತು.

ಅಮ್ಮ ಸೊಪ್ಪಿನ ಕೈಯನ್ನು ಸೆರಗಿಗೆ ಒರೆಸಿಕೊಂಡಳು.

"ಇನ್ನೊಂದ್ಸಲ ಆಕು," ಎಂದಳು. "ನನ್ ಬೈಗುಳ ಬೇಡ. ಕೊನೇದು ಆಕು."