ಬೀರಪ್ಪ ಮುತ್ಯಾನ ಮೊಣಕಾಲೆತ್ತರದ ಕಟ್ಟೆ

ನಾನು ಮೂರನೇ ಇಯತ್ತೆ ಓದುವ ಕಾಲಕ್ಕೆ ನಮ್ಮ ಭಾಲ್ಕಿ ಕಡೆ ಮನೆಯೆಂದರೆ ಮೊದಲು ಕಟ್ಟೆ, ಆಮೇಲೆ ಬಾಗಿಲು. ಯಾರ ಮನೆ ಮುಂದೆ ಹಾದರೂ ಮೊದಲ ಮಾತು "ಬರ್ರಿ, ಕೂಡ್ರಿ". ಕೂತರೆ ನೀರು, ನೀರಿನ ಹಿಂದೆ ಚಹಾ, ಚಹಾದ ಹಿಂದೆ ಊರ ಸುದ್ದಿ. ಶೇಂಗಾ ಸುಲಿಯುವುದು ಕಟ್ಟೆಯ ಮೇಲೆ, ಮದುವೆ ಗೊತ್ತಾಗುವುದು ಕಟ್ಟೆಯ ಮೇಲೆ, ಜಗಳವಾಡಿ ಮುಖ ತಿರುವಿದವರು ಎರಡು ದಿನ ಬಿಟ್ಟು ಬಂದು ಕೂಡುವುದೂ ಕಟ್ಟೆಯ ಮೇಲೆ. ನಿಮ್ಮಲ್ಲಿ ಎಷ್ಟೋ ಮಂದಿ ಅಂಥ ಕಟ್ಟೆಯ ಮೇಲೆ ಗಜ್ಜುಗ ಆಡಿಯೇ ದೊಡ್ಡವರಾಗಿದ್ದೀರಿ, ನನಗೆ ಗೊತ್ತು.

ನಮ್ಮ ಮನೆಗೆ ಮಾತ್ರ ಕಟ್ಟೆ ಇರಲಿಲ್ಲ. ಕಟ್ಟಿದರೂ ಕೂಡುವವರು ಯಾರು? ನಮ್ಮ ಓಣಿಯಲ್ಲಿ ಊರವರು ಕೂಡುತ್ತಿರಲಿಲ್ಲ, ನೀರು ಮುಟ್ಟುತ್ತಿರಲಿಲ್ಲ. ನಡುಮನೆಯ ಗೋಡೆಗೆ ಬುದ್ಧನ ಫೋಟೋ ಬಂದು ಎಷ್ಟೋ ವರ್ಷವಾಗಿತ್ತು. ಅಂಗಳದ ಆಚೆ ಇನ್ನೂ ಏನೂ ಬದಲಾಗಿರಲಿಲ್ಲ. ಬಂದವರು ಬೇವಿನ ಗಿಡದ ಕೆಳಗೆ ನಿಂತು ಮಾತಾಡಿ, ನಿಂತೇ ಹೋಗುತ್ತಿದ್ದರು.

ಹಾಗೆ ನಿಂತು ಮಾತಾಡುವವರಲ್ಲಿ ಬೀರಪ್ಪ ಮುತ್ಯಾ ಒಬ್ಬ. ನೂರರ ಹತ್ತಿರ ಕುರಿ ಇದ್ದ ಮನುಷ್ಯ. ಹೆಗಲ ಮೇಲೆ ಕರಿ ಕಂಬಳಿ, ಕೈಯಲ್ಲಿ ತನಗಿಂತ ಎತ್ತರದ ಕೋಲು. ನಮ್ಮ ಆಯಿ, ಅಂದರೆ ಅಪ್ಪನ ಅವ್ವ, ಅವನ ಓರಗೆಯವಳು. ಚಿಕ್ಕವರಿದ್ದಾಗ ಇಬ್ಬರೂ ಒಂದೇ ದಿನ್ನೆಯ ಮೇಲೆ ದನ ಕುರಿ ಕಾದವರು, ಒಂದೇ ಬಂಡೆಯ ಮೇಲೆ ಕೂತು ಬಾರಿಹಣ್ಣು ತಿಂದವರು. ಮೀಸೆ ಮೂಡಿದ ಮೇಲೆ ಅವನು ಕೂಡುವುದನ್ನು ಬಿಟ್ಟ. ಮಾತು ಬಿಡಲಿಲ್ಲ ಮತ್ತೆ! ದಿನಾ ಮಧ್ಯಾಹ್ನ ಕುರಿ ಹೊಡೆದುಕೊಂಡು ನಮ್ಮ ಮನೆ ಮುಂದೆ ಹಾಯುವಾಗ ನಿಂತು, ಆಯಿಯನ್ನು ಚೇಷ್ಟೆ ಮಾಡಿ, ನನಗೆ ಕಂಬಳಿಯ ಗಂಟಿನಿಂದ ಹುರಿಗಡಲೆ ತೆಗೆದು ಕೊಟ್ಟೇ ಹೋಗುತ್ತಿದ್ದ.

ಆಯಿ ಪ್ರತಿ ಸಲ ಕೇಳುತ್ತಿದ್ದಳು. "ಕೂಡಲ್ಲೋ ಬೀರಪ್ಪಾ, ಜರಾ ದಣುವಾರಿಸ್ಕೋ."

"ಎಲ್ಲಿ ಕೂಡ್ಲವಾ? ಕುರಿ ಮಂದಿ ಬೆಳಿ ಮೇಯ್ತಾವ."

ನಲವತ್ತು ವರ್ಷ ಇದೊಂದೇ ಜವಾಬು. ಅವನ ಮಾತಿನಲ್ಲಿ ಸಿಟ್ಟಿರಲಿಲ್ಲ, ಅವಳ ಮಾತಿನಲ್ಲಿ ಬೇಡಿಕೆ ಇರಲಿಲ್ಲ. ಆದರೆ ಅವನು ಹೋದ ಮೇಲೆ ಆಯಿ ಬಹಳ ಹೊತ್ತು ಆ ದಾರಿಯನ್ನೇ ನೋಡುತ್ತ ಕೂಡುತ್ತಿದ್ದಳು.

ಆಮೇಲೆ ಬರ ಬಂತು. ಒಂದು ವರ್ಷವಲ್ಲ, ಸಾಲಾಗಿ ಬಂತು. ಅಪ್ಪ ಹಿತ್ತಲಲ್ಲಿ ಬಾವಿ ತೋಡಿದ. ಆಳಕ್ಕಿಳಿದಷ್ಟೂ ಕೆಂಪು ಕಲ್ಲೇ ಬಂತು, ನೀರು ಬರಲಿಲ್ಲ. ದೀಪಾವಳಿ ಮುಗಿದ ವಾರಕ್ಕೆ ಅಪ್ಪ ಅವ್ವ ಇಬ್ಬರೂ ಗುದ್ದಲಿ ಬುಟ್ಟಿ ಕಟ್ಟಿಕೊಂಡು ಬೊಂಬಾಯಿ ಕಡೆ ಕೆಲಸಕ್ಕೆ ಹೋದರು. ಓಣಿಯಲ್ಲಿ ಅರ್ಧ ಮನೆಗೆ ಕೀಲಿ ಬಿತ್ತು. ಮನೆಯಲ್ಲಿ ಉಳಿದವರು ನಾನು, ಆಯಿ, ರೇಷನ್ನಿನ ಕೆಂಪು ಜೋಳ, ಹಿತ್ತಲಲ್ಲಿ ಕಲ್ಲಿನ ಗುಡ್ಡೆ. ಆ ಜೋಳದ ರೊಟ್ಟಿಯ ವಾಸನೆ ಈಗಲೂ ಮೂಗಿನಲ್ಲಿದೆ, ಹಸಿ ಗೋಣಿಚೀಲದ ವಾಸನೆ.

ಒಂದು ದಿನ ಬೀರಪ್ಪ ಮುತ್ಯಾ ಎಂದಿನಂತೆ ನಿಂತ, ಆಯಿ ಎಂದಿನಂತೆ ಕೂಡು ಅಂದಳು. "ಕುರಿ ಬೆಳಿ..." ಅಂದವನು ಅಲ್ಲಿಗೇ ತಡೆದ. ಆಯಿ ಸೊಂಟದ ಮೇಲೆ ಕೈಯಿಟ್ಟು ಸುತ್ತಲೂ ನೋಡಿದಳು. ಕಣ್ಣು ಹಾಯುವಷ್ಟು ದೂರ ಬಿರಿದ ಕರಿ ಮಣ್ಣು. ಒಂದು ಹಸಿರು ಕಡ್ಡಿ ಇಲ್ಲ.

"ಯಾರ ಬೆಳಿ ಬೀರಪ್ಪಾ? ತೋರ್ಸು, ನಾನೂ ಕಣ್ತುಂಬ ನೋಡ್ತೇನಿ."

ಮುತ್ಯಾ ಕೆಮ್ಮಿದ. "ಕೂಡಾಕ ಜಾಗಾನರೆ ಎಲ್ಲದ ನಿನ್ನ ಮನಿ ಮುಂದ?" ಅಂದು ಕುರಿಗಳನ್ನು ಹೊಡೆದುಕೊಂಡು ಹೋಗಿಬಿಟ್ಟ.

ಅವತ್ತು ಆಯಿಯ ಮುಖ ನೋಡಬೇಕಿತ್ತು ನೀವು! ನನ್ನನ್ನು ಹತ್ತಿರ ಕರೆದು, "ಕೇಳ್ದೇನ? ಜಾಗಾ ಕೇಳ್ಯಾನ. ಮಾಡಿ ಕೊಡೂನು. ಸಾಯೋದ್ರಾಗ ಒಮ್ಮಿ ಅಂವ ನನ್ನ ಬಾಗಲ ಮುಂದ ಕೂಡಬೇಕ, ನಾ ನೋಡಬೇಕ," ಅಂದಳು. "ಕಲ್ಲೆಲ್ಲದ ಆಯಿ?" ಅಂದೆ. ಅವಳು ಹಿತ್ತಲಿನ ಕಡೆ ಕೈ ಮಾಡಿದಳು. "ನೀರು ಕೇಳಿದ್ರ ಭೂಮಿ ಕಲ್ಲು ಕೊಟ್ಟದ. ಕೊಟ್ಟದ್ದು ಯಾಕ ಬಿಡಬೇಕು?"

ಮರುದಿನವೇ ಕಟ್ಟಲು ಹಿಡಿಯುತ್ತಾಳೆ ಅಂದುಕೊಂಡಿದ್ದೆ. ಇಲ್ಲ. ಮೂರು ತಿಂಗಳು ಆಯಿ ಮಾಡಿದ್ದು ಒಂದೇ ಕೆಲಸ. ಮಧ್ಯಾಹ್ನ ಕುರಿಗಳು ಬರುವ ಹೊತ್ತಿಗೆ ಬೇವಿನ ನೆರಳಿನ ಅಂಚಿಗೆ ನಾಲ್ಕು ಕಡೆ ನಾಲ್ಕು ಹರಳು ಇಡುವುದು. ಹದಿನೈದು ದಿನಕ್ಕೊಮ್ಮೆ ಮತ್ತೆ ನಾಲ್ಕು. ನಾನು ಒಮ್ಮೆ ಎರಡು ಹರಳು ಕದ್ದು ಗಜ್ಜುಗದ ಆಟಕ್ಕೆ ಒಯ್ದು, ಸಂಜೆಗೆ ಅಂದಾಜಿನ ಮೇಲೆ ಇಟ್ಟು ಬಂದೆ. ಆಯಿ ದೂರದಿಂದಲೇ ಕಂಡು, "ಕಳ್ಳಿ, ನೆರಳು ಒಂದ ದಿನದಾಗ ಇಷ್ಟ ಜಿಗಿತದೇನ?" ಅಂದು ಕಿವಿ ಹಿಂಡಿ ಮತ್ತೆ ತಾನೇ ಸರಿಯಾಗಿ ಇಟ್ಟಳು. ಅಕ್ಷರ ಬಾರದ ಹೆಂಗಸು. ಗಡಿಯಾರ ಇಲ್ಲ, ಕ್ಯಾಲೆಂಡರ್ ಇಲ್ಲ. ಸೂರ್ಯನ ಹೆಜ್ಜೆಯನ್ನು ಹರಳಿನಿಂದ ಹಿಡಿದಿಟ್ಟಿದ್ದಳು. ನನಗೆ ಅವಳ ಮೇಲೆ ಆಗ ಹುಟ್ಟಿದ ಬೆರಗು ಇವತ್ತಿಗೂ ಹೋಗಿಲ್ಲ.

ನನಗೂ ಒಂದು ಕೆಲಸ ಹಚ್ಚಿದಳು. "ಹುರಿಗಡ್ಲಿ ಇಸ್ಕೊಳ್ಳಾಗ ಅವನ ಬಾಜೂಕ ನೆಟ್ಟಗ ನಿಂದ್ರು. ಮೊಣಕಾಲು ನಿನಗ ಎಲ್ಲಿ ತನಕ ಬರ್ತದ ನೋಡಿ ಬಾ." ನಾನು ನಿಂತೆ, ನೋಡಿದೆ. ಫ್ರಾಕಿನ ಜೇಬಿನ ಕೆಳಗಿನ ಹೊಲಿಗೆಗೆ ಬರುತ್ತಿತ್ತು. ಆಯಿ ನೆಲದಿಂದ ಆ ಹೊಲಿಗೆಯ ತನಕ ಗೇಣು ಹಾಕಿ ಅಳೆದು ದಾರಕ್ಕೆ ಗಂಟು ಕಟ್ಟಿದಳು. "ತಗ್ಗಾದ್ರ ಮುದುಕಗ ಏಳಾಕ ಬರಂಗಿಲ್ಲ, ಎತ್ತರಾದ್ರ ಕೂಡಾಕ ಬರಂಗಿಲ್ಲ. ಒಂದ ನೆವಾನೂ ಬಿಡಬಾರ್ದು ಅವಗ."

ಶಿವರಾತ್ರಿ ಕಳೆದ ಮೇಲೆ ಗವಂಡಿ ಖಾಜಾ ಚಾಚಾ ಬಂದ. ಬರದಲ್ಲಿ ಮನೆ ಕಟ್ಟುವವರು ಯಾರಿದ್ದಾರೆ? ಎರಡು ಹೊತ್ತಿನ ಊಟಕ್ಕೆ ಒಪ್ಪಿಕೊಂಡಿದ್ದ. ಆಯಿ ದಾರದಿಂದ ಗುರುತು ಹಾಕಿದ ಜಾಗ ನೋಡಿ ಅವನು ಹಣೆ ಬಡಿದುಕೊಂಡ. ಜಾಗ ಗೋಡೆಗೆ ಹತ್ತಿರವಿರಲಿಲ್ಲ, ದಾರಿಗೆ ಹತ್ತಿರವಿತ್ತು. ಮೇಲಾಗಿ ಸುಡುಸುಡು ಬಿಸಿಲು. ಬೇವು ಆಗ ಎಲೆಯುದುರಿಸಿ ಬರಿ ಟೊಂಗೆಯಾಗಿ ನಿಂತಿತ್ತು.

"ಅಮ್ಮಾ, ಇಲ್ಲಿ ನೆರಳಿಲ್ಲ. ಗೋಡಿಗಿ ಹಚ್ಚಿ ಕಟ್ಟೂನು. ಇಲ್ಲಾಂದ್ರ ಗಿಡದ ಬುಡಕ್ಕ ಸುತ್ತಾ ಕಟ್ಟೂನು."

"ಗೋಡಿ ಬ್ಯಾಡ, ಅಲ್ಲಿ ಚಳಿಗಾಲದಾಗ ನೆರಳು. ಬುಡಾನೂ ಬ್ಯಾಡ, ಬುಡ ಕುರಿಗಿ ಬೇಕು."

"ಕುರಿಗಿ?"

"ಹೌದು, ಕುರಿಗಿ. ನೀ ಕಟ್ಟಪಾ. ನೆರಳು ತಾನ ಬರ್ತದ."

"ಬರಾಬರ್. ನಿಮ್ಮ ಮನಿ, ನಿಮ್ಮ ಬಿಸಲು," ಅಂದ ಚಾಚಾ, ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದ. ಮುದುಕಿಗೆ ತಲೆ ಕೆಟ್ಟಿದೆ ಎಂಬುದು ಅದರ ಅರ್ಥ. ನನಗೂ ಸ್ವಲ್ಪ ಹಾಗೇ ಅನ್ನಿಸಿತ್ತು.

ಕೆಸರು ಕಲೆಸಲು ನೀರಿಲ್ಲ. ಹಾಗಾಗಿ ಒಣ ಕಲ್ಲನ್ನೇ ಒಂದರ ಮೇಲೊಂದು ಕೂಡಿಸಬೇಕು. ನಮ್ಮ ಕಡೆಯ ಕೆಂಪು ಕಲ್ಲಿನ ಗುಣ ನಿಮಗೆ ಗೊತ್ತಿರಬಹುದು. ನೆಲದೊಳಗಿಂದ ಹೊಸದಾಗಿ ತೆಗೆದಾಗ ಬೆಲ್ಲದ ಹಾಗೆ ಕೊಡಲಿಗೆ ಕೊಯ್ಯಲು ಬರುತ್ತದೆ, ಗಾಳಿ ತಿಂದಷ್ಟೂ ಗಟ್ಟಿಯಾಗುತ್ತದೆ. ಗುಡ್ಡೆಯ ಅಡಿಯಲ್ಲಿ ಗಾಳಿ ತಾಗದೆ ಉಳಿದ ಕಲ್ಲು ಇನ್ನೂ ಮೆತ್ತಗಿತ್ತು. ಚಾಚಾ ಕೆತ್ತುತ್ತಿದ್ದ, ನಾನು ಆಯಿ ಉರುಳಿಸುತ್ತಿದ್ದೆವು. ಕೆಂಪು ಧೂಳು ನನ್ನ ತಲೆ, ರೆಪ್ಪೆ, ರೊಟ್ಟಿ, ಎಲ್ಲದರ ಮೇಲೂ. ಕೊನೆಗೆ ಚಾಚಾ ಒಂದು ಕಲ್ಲಿನ ಸಂದಿಗೆ ಬೀಡಿ ತೂರಿಸಲು ನೋಡಿದ, ಹೋಗಲಿಲ್ಲ. ತನ್ನ ಕೆಲಸಕ್ಕೆ ತಾನೇ "ವಾಹ್" ಅಂದುಕೊಂಡ.

ಹೋಳಿ ಆಯಿತು. ಬೇವಿಗೆ ತಾಮ್ರದ ಬಣ್ಣದ ಚಿಗುರು ಬಂತು. ಎಲ್ಲಾ ಒಣಗಿದ ಊರಿನಲ್ಲಿ ಆ ಗಿಡ ಎಲ್ಲಿಂದ ನೀರು ಕುಡಿಯಿತೋ, ಹತ್ತು ದಿನಕ್ಕೆ ಹಸಿರಾಯಿತು. ನೆರಳು ಗೋಡೆ ಬಿಟ್ಟು ದಿನಕ್ಕೊಂದು ಬೆರಳಿನಷ್ಟು ಹಿಂದೆ ಸರಿಯುತ್ತ ಬಂತು. ಒಂದು ಮಧ್ಯಾಹ್ನ ನಾನು ಸಾಲಿಯಿಂದ ಬಂದು ನೋಡುತ್ತೇನೆ, ನೆರಳು ಅರ್ಧ ಬುಡಕ್ಕೆ, ಅರ್ಧ ಕಟ್ಟೆಯ ಮೇಲೆ! ದಾರ ಹಿಡಿದು ಹಾಸಿದ ಹಾಗೆ ಕಟ್ಟೆಯ ಈ ತುದಿಯಿಂದ ಆ ತುದಿಗೆ. ನಾನು ಪಾಟಿಚೀಲ ಬಿಸಾಕಿ ಕಿರಿಚಿದೆ. ಸಾಲಿಯಲ್ಲಿ ಮಾಸ್ತರರು ಹೇಳುವ ಯಾವ ಲೆಕ್ಕವೂ ನನ್ನನ್ನು ಹಾಗೆ ನಡುಗಿಸಿರಲಿಲ್ಲ. ಕೂತು ನೋಡಬೇಕೆಂದು ಹಾರಿದರೆ ಆಯಿ ರಟ್ಟೆ ಹಿಡಿದಳು.

"ತಡಿ. ಮೊದಲ ಅಂವ ಕೂಡ್ಲಿ. ನಾನೂ ಕೂತಿಲ್ಲ."

ಆಗ ಕುರಿಗಳು ಬಂದವು. ಬಿಸಿಲಿಗೆ ತಲೆ ತಗ್ಗಿಸಿ ಒಂದರ ಹೊಟ್ಟೆಯ ಕೆಳಗೆ ಒಂದು ಮುಖ ಹುದುಗಿಸಿ ನಡೆಯುತ್ತಿದ್ದವು. ಬೇರೆ ವರ್ಷ ದಾರಿಯುದ್ದಕ್ಕೂ ನೆರಳಿರುತ್ತಿತ್ತು, ಈ ಸಲ ಊರಿಗೆಲ್ಲ ಇದೊಂದೇ. ಬುಡದ ನೆರಳು ಕಂಡದ್ದೇ ತಡ, ಹಿಂಡಿಗೆ ಹಿಂಡೇ ಒಳಗೆ ನುಗ್ಗಿ ನಿಂತುಬಿಟ್ಟಿತು. ಬೀರಪ್ಪ ಮುತ್ಯಾ ಹೊಡೆದ, ಬೈದ, ನಾಲಿಗೆ ಲೊಚಗುಟ್ಟಿದ. ಒಂದೂ ಕದಲಲಿಲ್ಲ. ಬಿಸಿಲು ಇಳಿಯುವ ತನಕ ಅವು ಹೊರಡುವುದಿಲ್ಲ ಎಂದು ಅವನಿಗೂ ಗೊತ್ತು, ಆಯಿಗೂ ಗೊತ್ತು. ಬುಡ ಕುರಿಗೆ ಬೇಕು ಅಂದದ್ದು ಯಾಕೆಂದು ನನಗೆ ಆವಾಗ ಹೊಳೆಯಿತು. ಅವನನ್ನು ನಿಲ್ಲಿಸಲಾಗದವಳು ಅವನ ಕುರಿಗಳನ್ನು ನಿಲ್ಲಿಸಿದ್ದಳು.

ಮುತ್ಯಾ ಕೋಲಿಗೆ ಗದ್ದ ಊರಿ ನಿಂತ. ಎರಡು ತಾಸು ನಿಂತ. ಮರುದಿನವೂ ನಿಂತ. ಮೂರನೇ ದಿನ ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಹಾಕುತ್ತ ನಿಂತ, ಕೊನೆಗೆ ಹೆಗಲ ಮೇಲಿನ ಕಂಬಳಿ ತೆಗೆದು, ಝಾಡಿಸಿ, ಕಟ್ಟೆಯ ಮೇಲೆ ಹಾಸಿ ಅದರ ಮೇಲೆ ಕೂತ. ನಾನು ಚಪ್ಪಾಳೆ ತಟ್ಟಿದೆ. ಆಯಿಯ ಮುಖ ಮಾತ್ರ ಸಪ್ಪಗಾಯಿತು. ಕಂಬಳಿಗೆ ಮೈಲಿಗೆ ಇಲ್ಲ ಅನ್ನುತ್ತಾರೆ ನಮ್ಮ ಕಡೆ, ಅದನ್ನು ಹಾಸಿಕೊಂಡು ಎಲ್ಲಿ ಕೂತರೂ ನೆಲ ಮುಟ್ಟಿದಂತಲ್ಲ.

"ಕಂಬಳಿ ಕೂತದ ಬೀರಪ್ಪಾ," ಅಂದಳು ಆಯಿ. "ನೀ ಇನ್ನಾ ನಿಂತೇ ಇದ್ದಿ."

ಅವನು ತಟ್ಟನೆ ಎದ್ದ. ಸಿಟ್ಟು ಬಂದಿತ್ತು. ಮರುದಿನ ಕುರಿಗಳನ್ನು ಊರ ಆಚೆ ಕೆರೆಯ ದಾರಿಗೆ ತಿರುಗಿಸಿದ. ಆದರೆ ಕುರಿ ಕೇಳಬೇಕಲ್ಲ? ನೆರಳಿನ ರುಚಿ ಹತ್ತಿತ್ತು. ಓಣಿಯ ಸಂದಿಯಿಂದ ಹೊಳ್ಳಿ ನಮ್ಮ ಬೇವಿಗೇ ಓಡಿ ಬಂದವು. ಹಿಂದಿನಿಂದ ಮುತ್ಯಾ ಏದುಸಿರು ಬಿಡುತ್ತ ಬಂದ. ನನಗೆ ನಗು ತಡೆಯಲಾಗಲಿಲ್ಲ, ಬಾಯಿಗೆ ಕೈ ಅಡ್ಡ ಹಿಡಿದೆ. ಆಯಿ ನಗಲಿಲ್ಲ. ಅವತ್ತು ಅವಳು ಕೂಡು ಅನ್ನಲೂ ಇಲ್ಲ, ಬಾಗಿಲಲ್ಲಿ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು.

ಅವನೇ ಮಾತು ತೆಗೆದ. "ನಾಳಿ ಹೊಂಟೇವು. ಮಂಜ್ರಾ ಹೊಳಿ ದಂಡಿ ಹಿಡದು ನಿಜಾಮಾಬಾದ ಕಡಿ. ಮೇವಿಲ್ಲ, ಇಲ್ಲೇ ಇದ್ರ ಒಂದೂ ಉಳಿಯಾಂಗಿಲ್ಲ. ನಾ ಹೊಳ್ಳಿ ಬರ್ತೇನೋ ಇಲ್ಲೋ."

ಆಯಿಯ ಕೈ ಮೊರದ ಮೇಲೇ ನಿಂತಿತು.

ಮುತ್ಯಾ ಕೋಲನ್ನು ಗಿಡಕ್ಕೆ ಆನಿಸಿದ. ಕಂಬಳಿಯನ್ನು ಹೆಗಲಿನಿಂದ ತೆಗೆದು ಕೋಲಿನ ತುದಿಗೆ ಹಾಕಿದ. ಕಟ್ಟೆಯ ಹತ್ತಿರ ಬಂದು ಮೊದಲು ಅಂಗೈ ಊರಿದ, ಆಮೇಲೆ ಕೂತ. ಬರಿ ಕಲ್ಲಿನ ಮೇಲೆ. ಮೊಣಕಾಲು ಸರಿಯಾಗಿ ಮಡಿಚಿತು, ಪಾದ ಸರಿಯಾಗಿ ನೆಲಕ್ಕೆ ತಾಗಿತು. ಕಲ್ಲನ್ನು ಎರಡು ಸಲ ಸವರಿದ.

"ಕಲ್ಲು ತಂಪದ ಸಕ್ಕೂ."

ಆಯಿಗೆ ಅಂಥ ಹೆಸರಿದೆ ಎಂದು ನನಗೆ ಗೊತ್ತೇ ಇರಲಿಲ್ಲ. ಅಪ್ಪ ಅವಳನ್ನು "ಅವ್ವಾ" ಎನ್ನುತ್ತಿದ್ದ, ಊರವರು ಅಪ್ಪನ ಹೆಸರು ಹಿಡಿದು ಅವನ ಅವ್ವ ಎನ್ನುತ್ತಿದ್ದರು. ಆಯಿ ಮೊರ ಬದಿಗಿಟ್ಟು ಬಂದಳು. ಕಟ್ಟೆಯ ಆ ತುದಿಗೆ ತಾನೂ ಕೂತಳು. "ನೀರು ಕೊಡು," ಅಂದ ಮುತ್ಯಾ. ಮನೆಯಲ್ಲಿದ್ದದ್ದೇ ಅರ್ಧ ಕೊಡ. ನಾನು ತಂಬಿಗೆ ತುಂಬ ತಂದುಕೊಟ್ಟೆ. ಅವನು ಒಂದು ಹನಿ ಚೆಲ್ಲದೆ ಕುಡಿದ. ಆಯಿ ಅಳುತ್ತಿದ್ದಳು, ಅಳುತ್ತಲೇ ನಗುತ್ತಿದ್ದಳು. ನಾನು ಇಬ್ಬರ ನಡುವೆ ಹೋಗಿ ಕೂತೆ.

ಅವನು ಹೊಳ್ಳಿ ಬಂದ. ಅರ್ಧ ಹಿಂಡು ಉಳಿದಿತ್ತು, ಅಷ್ಟೇ. ಮಳೆ ಬಂದಿತ್ತು, ಅಪ್ಪ ಅವ್ವ ಬಂದಿದ್ದರು, ಮನೆ ಪಕ್ಕದ ತುಂಡು ಹೊಲದಲ್ಲಿ ಜೋಳ ಎದೆಯೆತ್ತರ ನಿಂತಿತ್ತು. ಮುತ್ಯಾ ಬಂದವನೇ ಕಟ್ಟೆಗೆ ಕೂತು ನಿಜಾಮಾಬಾದದ ಕಥೆ ಹೇಳುತ್ತ ಮೈಮರೆತ. ಅಪ್ಪ ಹಿತ್ತಲಿಂದ ಕೂಗುತ್ತ ಓಡಿ ಬಂದ. ಕುರಿಗಳು ಜೋಳದಲ್ಲಿದ್ದವು! ಮುತ್ಯಾ ಕೋಲು ಹುಡುಕುತ್ತ, "ನಲವತ್ತು ವರ್ಷದಿಂದ ಹೇಳ್ಲತ್ತೇನಿ, ಬೆಳಿ ಮೇಯ್ತಾವ ಅಂತ! ಯಾರು ಕೇಳ್ತೀರಿ?" ಅಂದ. ಆಯಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳು ಅಷ್ಟು ನಕ್ಕದ್ದನ್ನು ನಾನು ಮತ್ತೆ ನೋಡಲಿಲ್ಲ.

ಇಬ್ಬರೂ ಹೋಗಿ ಬಹಳ ಕಾಲವಾಯಿತು. ದಾರಿ ಡಾಂಬರಾಗಿ ಅಗಲವಾದಾಗ ಬೇವೂ ಹೋಯಿತು, ಕಟ್ಟೆಯೂ ಹೋಯಿತು. ನಾನು ಸಾಲಿ ಟೀಚರಾಗಿ ರಿಟೈರಾಗಿ ಈಗ ಬೀದರಿನಲ್ಲಿ, ಕೊಳಾರದ ಕಡೆ ಹೋಗುವ ರಸ್ತೆಗೆ ಮನೆ ಮಾಡಿದ್ದೇನೆ. ಹೋದ ವರ್ಷ ಮನೆ ಮುಂದೆ ಕೂಡಲು ಒಂದು ಜಾಗ ಮಾಡಿಸಬೇಕೆಂದು ಕಂಟ್ರಾಕ್ಟರನನ್ನು ಕರೆಸಿದೆ. ಒಳ್ಳೆಯ ಹುಡುಗ. ಮೊಬೈಲಿನಲ್ಲಿ ಹತ್ತಾರು ಸಿಟ್‌ಔಟ್ ತೋರಿಸಿದ. ಟೈಲ್ಸ್, ಜೋಕಾಲಿ, ಗಾಜಿನ ಮಾಡು. ನಾನು ಗೇಟಿನ ಹೊರಗಿರುವ ಹೊಂಗೆ ಗಿಡದ ಹತ್ತಿರ ಕರೆದೊಯ್ದು, "ಇಲ್ಲಿ, ರಸ್ತಾಕ್ಕ ಹತ್ತಿ, ಇಷ್ಟ ಎತ್ತರ," ಎಂದು ಮೊಣಕಾಲು ತೋರಿಸಿದೆ.

ಅವನು ಗಾಬರಿಯಾದ. "ಹೊರಗ ಬ್ಯಾಡ್ರಿ ಮೇಡಂ. ಯಾರ್‍ಯಾರರೆ ಬಂದು ಕೂತಬಿಡ್ತಾರ್ರಿ."

ನೋಡಿ ಹೇಳುತ್ತೇನೆ ಎಂದು ಅವನನ್ನು ಕಳಿಸಿದೆ. ಅಂದಿನಿಂದ ಹದಿನೈದು ದಿನಕ್ಕೊಮ್ಮೆ ಮಧ್ಯಾಹ್ನ ಗೇಟಿನ ಹೊರಗೆ ಹೋಗಿ ನೆರಳಿನ ಅಂಚಿಗೆ ನಾಲ್ಕು ಹರಳು ಇಟ್ಟು ಬರುತ್ತೇನೆ. ನೆರಳು ಆಯಿ ಹೇಳಿದ ಹಾಗೆಯೇ ಸರಿಯುತ್ತದೆ, ಒಂದು ಬೆರಳೂ ತಪ್ಪುವುದಿಲ್ಲ. ಆ ಹೊತ್ತಿಗೆ ನಮ್ಮ ರಸ್ತೆಯಲ್ಲಿ ಯಾರೂ ನಡೆದು ಬರುವುದಿಲ್ಲ.