ಹೆಜ್ಜೆ ಮೂಡದ ನೆಲ

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯ ಹಿತ್ತಿಲು ದಾಟಿದರೆ ಕಾವಲು ಶುರುವಾಗುತ್ತಿತ್ತು. ಕಾವಲು ಎಂದರೆ ಮಹಾರಾಜರ ಸರ್ಕಾರ ದನಗಳ ಮೇವಿಗೆಂದು ಬಿಟ್ಟಿದ್ದ ಬಯಲು. ಹಿರಿಯೂರಿನಿಂದ ಧರ್ಮಪುರದ ಕಡೆಗೆ ಹೋಗುವಾಗ ಸಿಗುತ್ತಿದ್ದ ಆ ಬಯಲಿನಲ್ಲಿ ಕಣ್ಣು ಹಾಯಿಸಿದಷ್ಟು ದೂರವೂ ಒಣಗಿದ ಹುಲ್ಲು, ಅಲ್ಲೊಂದು ಇಲ್ಲೊಂದು ಜಾಲಿ, ಕಾರೆಮುಳ್ಳಿನ ಪೊದೆ. ಉಳಿದದ್ದೆಲ್ಲ ಗರಸು. ಹುರಿದ ಹುರುಳಿಯ ಬಣ್ಣದ ಕಲ್ಲುಗಳು ನೆಲದ ತುಂಬ ಒತ್ತೊತ್ತಾಗಿ ಕೂತಿರುತ್ತಿದ್ದವು. ಅವುಗಳ ಕೆಳಗೆ ಒಂದು ಗೇಣು ಮಣ್ಣು, ಅದರ ಕೆಳಗೆ ಗಟ್ಟಿಯಾದ ಸುಣ್ಣದ ಪದರ. ಹಾರೆ ಹಾಕಿದರೆ ಠಣ್ಣೆನ್ನುತ್ತಿತ್ತು. ಎಷ್ಟು ಜೋರಾಗಿ ಮಳೆ ಬಂದರೂ ನೀರು ಕಲ್ಲುಗಳ ಸಂದಿಯಲ್ಲಿ ಇಳಿದು ಮಾಯವಾಗುತ್ತಿತ್ತು. ನಮ್ಮ ಬಾವಿಯ ನೀರಿನಲ್ಲಿ ಬೇಳೆ ಬೇಯುತ್ತಿರಲಿಲ್ಲ. ನೀರು ಕಾಯಿಸುವ ಮಡಕೆಯ ಒಳಗೆಲ್ಲ ಬಿಳಿ ಹಕ್ಕಳೆ ಕಟ್ಟಿರುತ್ತಿತ್ತು.

ಆ ಕಲ್ಲುಗಳದ್ದು ಒಂದು ವಿಶೇಷ. ಬಿಸಿಲಿಗೆ ತೆರೆದ ಬೆನ್ನು ಕಂದು, ಮಣ್ಣಿಗೆ ತಾಗಿದ ಹೊಟ್ಟೆ ಬಿಳುಪು. ಮಣ್ಣಿನೊಳಗಿನ ಸುಣ್ಣ ಕಲ್ಲಿನ ಅಡಿಗೆ ಹತ್ತಿ ಹತ್ತಿ, ಯಾರೋ ಅಲ್ಲಿಗಷ್ಟೇ ಸುಣ್ಣ ಬಳಿದ ಹಾಗೆ ಕಾಣುತ್ತಿತ್ತು. ಕಲ್ಲನ್ನು ಮಗುಚಿ ಹಾಕಿದರೆ ಆ ಬಿಳುಪು ಬಿಸಿಲಿಗೆ ಫಳ್ಳೆಂದು ಹೊಳೆಯುತ್ತಿತ್ತು. ನನಗೆ ಅದೇ ಆಟ. ಕಲ್ಲುಗಳನ್ನು ಸಾಲಾಗಿ ಮಗುಚಿ, ಬಿಳಿ ಗೆರೆಗಳಲ್ಲಿ ನಡುಮನೆ, ಅಡುಗೆಮನೆ, ಕೊಟ್ಟಿಗೆ ಎಲ್ಲ ಮಾಡುತ್ತಿದ್ದೆ.

ಆಗ ನನಗೆ ಏಳು ವರ್ಷ. ಮನೆಯಲ್ಲಿ ಅಪ್ಪ, ಅಮ್ಮ, ಅಕ್ಕ ಮತ್ತು ಅಪ್ಪನ ತಾಯಿ, ನನ್ನ ಅಜ್ಜಿ. ಅಜ್ಜಿಗೆ ಮರೆವು ಬಂದಿತ್ತು. ಕಾವಲಿನಾಚೆಯ ತೆಲುಗರ ಹಳ್ಳಿಯೊಂದರಿಂದ ಹತ್ತು ವರ್ಷದ ಹುಡುಗಿಯಾಗಿದ್ದಾಗ ಮದುವೆಯಾಗಿ ಬಂದವಳು ಅವಳು. ಮುಪ್ಪಿನಲ್ಲಿ ನಮ್ಮ ಮನೆ ಅವಳಿಗೆ ಮರೆತುಹೋಗಿ, ಆ ತವರು ಮಾತ್ರ ನೆನಪಿನಲ್ಲಿ ಉಳಿದಿತ್ತು. ದಿನಕ್ಕೆ ಹತ್ತು ಸಲ ಎದ್ದು ಕೋಲು ಹುಡುಕಿ, "ಇಂಟಿಕಿ ಪೋವಾಲ, ಇಂಟಿಕಿ ಪೋವಾಲ" ಅನ್ನುತ್ತಿದ್ದಳು. ಮನೆಗೆ ಹೋಗಬೇಕು ಅಂತ. ಹಿಂದೊಮ್ಮೆ ಬಿದ್ದು ಎಡಗಾಲು ಸೋತಿತ್ತು. ಆ ಕಾಲನ್ನು ಎಳೆದುಕೊಂಡೇ ಬಾಗಿಲ ತನಕ ಹೋಗುತ್ತಿದ್ದಳು. ನಾವು ಕೈ ಹಿಡಿದು ವಾಪಸು ಕರೆತಂದು ಕೂರಿಸುತ್ತಿದ್ದೆವು.

ಆ ದಿನ ಊರ ಮುಂದಿನ ಕಣದಲ್ಲಿ ನಮ್ಮ ಜೋಳ ಬಡಿಯುತ್ತಿದ್ದರು. ಶಿವರಾತ್ರಿ ಹತ್ತಿರವಾಗಿತ್ತು, ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಕುರಿ ದನಗಳನ್ನೆಲ್ಲ ಕಾವಲಿಗೆ ಹೊಡೆಯದೆ ಕೊಯ್ದ ಹೊಲದ ಕೂಳೆ ಮೇಯಲು ಬಿಟ್ಟಿದ್ದರು. ಊಟದ ಬುಟ್ಟಿ ಹೊತ್ತು ಹೊರಟ ಅಮ್ಮ ಬಾಗಿಲಲ್ಲಿ ತಿರುಗಿ ನನಗೆ ಹೇಳಿದಳು: "ಅಜ್ಜಿ ಮಲಗೈತೆ. ಎದ್ರೆ ಓಡಿ ಬಂದು ಹೇಳು. ಬಿಟ್ಟು ಎಲ್ಲಿಗೂ ಹೋಗಬ್ಯಾಡ."

ಸ್ವಲ್ಪ ಹೊತ್ತು ಕೂತಿದ್ದೆ. ಕಂಬಳಿಯ ಮೇಲೆ ಅಜ್ಜಿ ಬಾಯಿ ತೆರೆದು ನಿದ್ದೆ ಮಾಡುತ್ತಿದ್ದಳು. ಅವಳ ಉಸಿರಿನ ಸದ್ದು ಬಿಟ್ಟರೆ ಮನೆಯಲ್ಲಿ ನೊಣ ಹಾರಿದ ಸದ್ದು. ನನಗೆ ಬೇಸರ ಬಂತು. ಒಂದೇ ಗಳಿಗೆ ಅಂದುಕೊಂಡು ಹಿತ್ತಿಲು ದಾಟಿದೆ. ಹೆಚ್ಚು ಬಿಳುಪಿದ್ದ ಚಪ್ಪಟೆ ಕಲ್ಲು ಬೇಕೆಂದು ಒಂದೊಂದನ್ನೇ ಮಗುಚಿ ನೋಡುತ್ತ, ಬೇಡದ್ದನ್ನು ಅಲ್ಲೇ ಬಿಡುತ್ತ, ಪಡುವಣಕ್ಕೆ ಬಹಳ ದೂರ ಹೋಗಿಬಿಟ್ಟೆ. ವಾಪಸು ಬಂದಾಗ ಕಂಬಳಿ ಖಾಲಿ. ಮೂಲೆಯಲ್ಲಿದ್ದ ಕೋಲೂ ಇರಲಿಲ್ಲ.

ಕಣಕ್ಕೆ ಓಡುವಾಗಲೇ ಸುಳ್ಳು ಬಾಯಿಗೆ ಬಂದಿತ್ತು. "ನೀರು ತರಾಕೆ ಬಾವಿಗೆ ಹೋಗಿದ್ದೆ. ಅಷ್ಟ್ರಾಗೆ ಅಜ್ಜಿ ಇರ್ಲಿಲ್ಲ."

ಅಪ್ಪ ಕೈಯಲ್ಲಿದ್ದುದನ್ನು ಎಸೆದು ಮೊದಲು ಓಡಿದ್ದು ಬಾವಿಯ ಕಡೆಗೆ. ಬಗ್ಗಿ ನೋಡಿದ. ನೀರು ಅಲುಗದೆ ನಿಂತಿತ್ತು. ಅಮ್ಮ ಊರೊಳಗೆ ಹುಡುಕಲು ಹೋದಳು. ಹೊಲದ ಪುಡಿಮಣ್ಣಿನಲ್ಲಿ ಗುಬ್ಬಿಯ ಕಾಲೂ ಮೂಡುತ್ತದೆ. ಅಲ್ಲಿ ಅಜ್ಜಿಯ ಹೆಜ್ಜೆ ಇರಲಿಲ್ಲ. ಹಾಗಾದರೆ ಕಾವಲಿಗೇ ಹೋಗಿರಬೇಕು. ಅಪ್ಪ ಗರಸಿನ ಅಂಚಿನಲ್ಲಿ ನಿಂತು ತಲೆಯ ಮೇಲೆ ಕೈ ಇಟ್ಟುಕೊಂಡ.

"ಈ ನೆಲದಾಗೆ ಹೆಜ್ಜೆ ಎಲ್ಲಿ ಮೂಡ್ತೈತೆ? ಯಾವ ಕಡೀಗಂತ ಹೋಗ್ಲಿ? ಬೈಗಾದ್ರೆ ತೋಳ ಬರ್ತವೆ."

ಕಣದಿಂದ ಅಕ್ಕನೂ ಓಡಿಬಂದಿದ್ದಳು. ಅವಳಿಗೆ ಹದಿನಾಲ್ಕು ವರ್ಷ. ಮೇಕೆ ಕಾಯ್ದು ಕಾಯ್ದು ಕಾವಲನ್ನು ಬಲ್ಲವಳು. ಕಣ್ಣಿಗೆ ಕೈ ಅಡ್ಡ ಹಿಡಿದು ನೆಲವನ್ನೇ ನೋಡುತ್ತಿದ್ದವಳು ಒಮ್ಮೆಲೇ ಕೂಗಿದಳು: "ಅಪ್ಪ, ಕಲ್ಲು ನೋಡಪ್ಪ! ಬೆಳ್ಳಗವೆ! ಕಾಲು ಎಳ್ಕೊಂಡು ಹೋದ್ರೆ ಕಲ್ಲು ಮಗುಚ್ತವೆ. ಈಗಿನ್ನೂ ಮಗುಚಿದ್ದು, ಮಣ್ಣು ಹತ್ತೈತೆ. ಅಜ್ಜಿ ಹಿಂಗೇ ಹೋಗಿರಾದು."

ಇಬ್ಬರೂ ಪಡುವಣಕ್ಕೆ ಓಡಿದರು.

ನಾನು ನಿಂತಲ್ಲೇ ನಿಂತೆ. ಅವರು ಹಿಡಿದದ್ದು ನನ್ನ ಕಲ್ಲುಗಳ ಜಾಡು. ನಿಜ ಹೇಳಿದರೆ ಅಜ್ಜಿಯನ್ನು ಬಿಟ್ಟು ಆಡಲು ಹೋದದ್ದು ಗೊತ್ತಾಗುತ್ತದೆ. ಹೇಳದಿದ್ದರೆ? ಅಪ್ಪನ ಬಿಳಿ ರುಮಾಲು ಸಣ್ಣದಾಗುತ್ತ ಹೋಗುತ್ತಿತ್ತು. ಅವರೇ ತಪ್ಪು ತಿಳಿದು ತಿರುಗಬಹುದು ಅಂದುಕೊಂಡೆ. ತಿರುಗಲಿಲ್ಲ. ಪಕ್ಕದ ಜಾಲಿಯ ನೆರಳು ನನ್ನ ಪಾದ ದಾಟಿ ಆಚೆ ಹೋಯಿತು. ಕೊನೆಗೆ ಅವರ ಹಿಂದೆ ಓಡಿದೆ. ಕಲ್ಲು ಚುಚ್ಚಿದ್ದು ಗೊತ್ತಾಗಲಿಲ್ಲ.

"ಅಪ್ಪ, ಅವು ಅಜ್ಜಿ ಮಗುಚಿದ್ದಲ್ಲ!"

"ಮತ್ಯಾರು?"

"ನಾನು. ಬಾವಿಗೆ ಹೋಗಿರ್ಲಿಲ್ಲ. ಇಲ್ಲಿ ಆಡ್ತಿದ್ದೆ."

ಅಪ್ಪನ ಕೈ ಮೇಲೆದ್ದಿತು. ನಾನು ಕಣ್ಣು ಮುಚ್ಚಿಕೊಂಡೆ. ಏಟು ಬೀಳಲಿಲ್ಲ. ಕಣ್ಣು ತೆರೆದಾಗ ಅವನ ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು.

"ಅಳಾದು ಆಮೇಲೆ" ಅಂದ. "ಯಾವ್ಯಾವು ನಿನ್ನವು, ಎಲ್ಲಾ ತೋರ್ಸು."

ಅಳುತ್ತಲೇ ಒಂದೊಂದನ್ನೂ ತೋರಿಸುತ್ತ ಬಂದೆ. ಇದು ನಾನು, ಇದೂ ನಾನು. ಹಿತ್ತಿಲಿನ ಬೇಲಿಯ ಹತ್ತಿರ ಬಂದಾಗ ಅಕ್ಕ ಮೂಡಣಕ್ಕೆ ಬೊಟ್ಟು ಮಾಡಿ, "ಅದು?" ಅಂದಳು. ಆ ಬಿಳಿ ಕಲ್ಲನ್ನು ನಾನು ಮುಟ್ಟಿರಲಿಲ್ಲ. ಅದರಾಚೆ ಒಂದು ಹೆಜ್ಜೆಯಷ್ಟು ದೂರದಲ್ಲಿ ಇನ್ನೊಂದು, ಮುಂದೆ ಮತ್ತೊಂದು. ಎಲ್ಲವೂ ಒಂದೇ ಮಗ್ಗುಲಿಗೆ, ಎಡಗಾಲಿನ ಕಡೆಗೆ. ಪಕ್ಕದಲ್ಲಿ ಕೋಲಿನ ತುದಿ ಊರಿದ ಸಣ್ಣ ತೂತು.

ಅಕ್ಕ ಮುಂದೆ, ಅಪ್ಪ ಹಿಂದೆ, ನಾನು ಅವರ ಹಿಂದೆ. ದನಗಳ ಹಳೆಯ ದಾರಿ ಅಡ್ಡ ಬಂದಲ್ಲಿ ಜಾಡು ತಪ್ಪಿತು. ಅಕ್ಕ ಸುತ್ತುಹಾಕಿ ಮತ್ತೆ ಹಿಡಿದಳು. ಆಮೇಲೆ ಸಿಕ್ಕ ಒಂದು ಬಿಳಿ ಕಲ್ಲಿನ ಮೇಲೆ ರಕ್ತವಿತ್ತು. ಅಪ್ಪ ಅದನ್ನು ಕೈಗೆ ಎತ್ತಿಕೊಂಡು ನೋಡಿ ಕೆಳಗಿಟ್ಟ. ಮುಂದಿನ ಕಲ್ಲುಗಳ ಮೇಲೂ ರಕ್ತವಿತ್ತು. ಬಿಸಿಲು ಹಳದಿಯಾಗುತ್ತ ಬಂತು. ದೂರದ ಗುಡ್ಡದ ಕಡೆಯಿಂದ ಎಂಥದೋ ಊಳಿಟ್ಟ ಸದ್ದು ಕೇಳಿ ಅಕ್ಕ ಓಡಲು ಶುರುಮಾಡಿದಳು.

ಸುಣ್ಣ ಸುಡುವವರು ಕಲ್ಲು ಅಗೆದುಕೊಂಡು ಹೋದ ಗುಂಡಿಯೊಂದರಲ್ಲಿ ಅಜ್ಜಿ ಸಿಕ್ಕಳು. ಎದೆಮಟ್ಟದ ಗುಂಡಿ. ಜಾರಿ ಬಿದ್ದವಳಿಗೆ ಹತ್ತಲು ಆಗಿರಲಿಲ್ಲ. ತಲೆ, ಮುಖ, ಸೀರೆ ಎಲ್ಲ ಸುಣ್ಣದ ಪುಡಿಯಲ್ಲಿ ಬೆಳ್ಳಗಾಗಿ, ಕಣ್ಣೆರಡು ಮಾತ್ರ ಕಾಣುತ್ತಿದ್ದವು. ಅಂಗಾಲುಗಳು ಸೀಳಿಹೋಗಿ ಗಾಯದ ತುಂಬ ಗರಸು ಮೆತ್ತಿತ್ತು. ಅಪ್ಪ ಗುಂಡಿಗೆ ಧುಮುಕಿ ಅವಳನ್ನು ಬೆನ್ನ ಮೇಲೆ ಹೊತ್ತ.

"ಯಾರಪ್ಪ ನೀನು? ಪುಣ್ಯಾತ್ಮ" ಅಂದಳು ಅಜ್ಜಿ.

ಅಪ್ಪ ಅವಳ ಕೈಗಳನ್ನು ತನ್ನ ಕೊರಳಿಗೆ ಸುತ್ತಿಸಿಕೊಂಡ. ಆಮೇಲೆ ಹೇಳಿದ: "ನಿಮ್ಮೂರವನೇ ಕಣವ್ವ. ಬಾ, ಮನೀಗೆ ಹೋಗಾಣ."

ಅಜ್ಜಿ ಅವನ ಹೆಗಲ ಮೇಲೆ ಕೆನ್ನೆ ಇಟ್ಟಳು. ಮನೆ ತಲುಪುವವರೆಗೂ ಅಪ್ಪ ತೋಳಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದ.

ಅಮ್ಮ ಬಿಸಿನೀರಿನಲ್ಲಿ ಅಜ್ಜಿಯ ಪಾದ ತೊಳೆದು, ಹರಳುಗಳನ್ನು ಒಂದೊಂದಾಗಿ ತೆಗೆದು ಅರಿಶಿನ ಹಚ್ಚಿದಳು. ಗಾಯ ಮಾಯಲಿಲ್ಲ. ಜ್ವರ ಬಂತು. ಯುಗಾದಿಗೆ ಮೊದಲೇ ಅಜ್ಜಿ ತೀರಿಹೋದಳು. ಅವಳನ್ನು ಮಣ್ಣು ಮಾಡಲು ಆ ನೆಲ ಅಗೆಯುವುದಕ್ಕೆ ನಾಲ್ಕು ಜನ ಬೆಳಗಿನಿಂದ ಮಧ್ಯಾಹ್ನದವರೆಗೆ ಹಾರೆ ಹಾಕಬೇಕಾಯಿತು.

ಅಂದು ಸಂಜೆ ನಾನು ಅಪ್ಪನ ಪಕ್ಕದಲ್ಲಿ ಹೋಗಿ ಕೂತೆ. "ನನ್ನಿಂದ್ಲೇ ಹಿಂಗಾತು" ಅಂದೆ. ಅಪ್ಪ, "ನೀನು ಬಾಯಿ ಬಿಡದಿದ್ರೆ ನಮ್ಮವ್ವ ಆ ಗುಂಡಿಯಾಗೇ ಸಾಯ್ತಿದ್ಲು. ಮನೆಯಾಗೆ, ನಮ್ಮ ಕೈಯಾಗೆ ಹೋದ್ಲು" ಅಂದು ನನ್ನ ತಲೆಯ ಮೇಲೆ ಕೈ ಇಟ್ಟ. ನಾನು ಸುಮ್ಮನೆ ನಿಂತು ಕಳೆದ ಆ ಹೊತ್ತಿನ ಬಗ್ಗೆ ಅವನು ಎಂದೂ ಕೇಳಲಿಲ್ಲ. ನಾನು ಅದನ್ನು ಎಂದೂ ಮರೆಯಲಿಲ್ಲ.

ಈಗ ಆ ಕಾವಲಿನ ಬಹುಪಾಲು ಶೇಂಗಾ ಹೊಲವಾಗಿದೆ. ಅದರ ನಡುವೆ ಧರ್ಮಪುರದ ಬಸ್ಸು ಓಡುತ್ತದೆ. ಬಸ್ಸು ಎರಡು ನಿಮಿಷ ತಡವಾದರೆ ಮೊಮ್ಮಕ್ಕಳು ನೀವು ಗೊಣಗುತ್ತೀರಿ. ನಿಮ್ಮ ಕಾಲಿಗೆ ಚಪ್ಪಲಿ ಇದೆ. ಕಾಲಡಿಯ ಕಲ್ಲು ಕಂದೋ ಬಿಳುಪೋ ನೀವು ನೋಡುವುದಿಲ್ಲ, ನೋಡಬೇಕಾದ ಕಷ್ಟವೂ ನಿಮಗಿಲ್ಲ. ನನಗೂ ಈಚೆಗೆ ಒಂದೊಂದು ಹೆಸರು ಮರೆಯುತ್ತದೆ. ನಾನು ಅಂಗಳಕ್ಕೆ ಇಳಿದರೆ ಸಾಕು, ನಿಮ್ಮಲ್ಲಿ ಒಬ್ಬರು ಪುಸ್ತಕ ಮಡಚಿಟ್ಟು ಹಿಂದೆ ಬಂದು, "ಎಲ್ಲಿಗಜ್ಜಿ?" ಅನ್ನುತ್ತೀರಿ. ನನಗೆ ಅದು ಕಿರಿಕಿರಿ ಎಂದು ನಿಮ್ಮಮ್ಮ ತಿಳಿದಿದ್ದಾಳೆ. ಇಲ್ಲ ಮಕ್ಕಳೇ. ಕೇಳುತ್ತಲೇ ಇರಿ.