ಶೇಷ ಸೊನ್ನೆಯಾಗಲಿಲ್ಲ

ಅಣ್ಣ ಸತ್ತ ಮೇಲೂ ಅವನ ಕಂಪ್ಯೂಟರ್ ಓಡುತ್ತಲೇ ಇತ್ತು. ಹಿಮಾಯತ್‌ನಗರದ ನಮ್ಮ ಬಾಡಿಗೆ ಮನೆಯಲ್ಲಿ, ಅವನ ಫೋಟೋದ ಕೆಳಗೆ, ಹಗಲೂ ರಾತ್ರಿ ಗುಂಯ್ ಎನ್ನುತ್ತಿತ್ತು. ಆ ಸದ್ದು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಕರೆಂಟ್ ಹೋಗಿ ಸದ್ದು ನಿಂತರೆ ಎದೆ ಧಸಕ್ಕೆನ್ನುತ್ತಿತ್ತು.

ಮಾದಾಪುರದಲ್ಲಿ ಒಂದರ ಮೇಲೊಂದು ಗಾಜಿನ ಕಟ್ಟಡ ಏಳುತ್ತಿದ್ದ ಕಾಲ ಅದು. ಅಣ್ಣ ಅಲ್ಲೇ ಪ್ರೋಗ್ರಾಮರ್. ಜೊತೆಯವರಿಗೆ ಪ್ಲಾಟು ಕೊಳ್ಳುವ ಹುಚ್ಚು, ಇವನಿಗೆ ಒಂದು ಸಂಖ್ಯೆಯ ಹುಚ್ಚು. ಎರಡನ್ನು ಎರಡರಿಂದಲೇ ಲಕ್ಷಾಂತರ ಸಲ ಗುಣಿಸಿ, ಕೊನೆಗೆ ಒಂದು ಕಳೆದರೆ ಬರುವ ಸಂಖ್ಯೆ. ಬರೆದರೆ ದಪ್ಪ ಪುಸ್ತಕವೇ ತುಂಬುವಷ್ಟು ಉದ್ದ. ಅದು ಅವಿಭಾಜ್ಯವೇ, ಅಂದರೆ ಒಂದನ್ನೂ ತನ್ನನ್ನೂ ಬಿಟ್ಟು ಬೇರೆ ಯಾವುದರಿಂದಲೂ ಭಾಗವಾಗದೆ ಉಳಿಯುತ್ತದೆಯೇ ಎಂಬುದು ಅವನ ಪ್ರಶ್ನೆ.

“ಇದೂ ನಿನ್ನಂಗನ, ಯಾರ ಮಾತಿಗೂ ಬಗ್ಗೂದಿಲ್ಲ,” ಎಂದು ನನ್ನನ್ನು ಕಾಡಿಸುತ್ತಿದ್ದ.

ಲೆಕ್ಕದ ರೀತಿ ನನಗೂ ಕಲಿಸಿದ್ದ. ನಾಲ್ಕರಿಂದ ಶುರು. ವರ್ಗ ಮಾಡಿ, ಎರಡು ಕಳೆದು, ಆ ದೊಡ್ಡ ಸಂಖ್ಯೆಯಿಂದ ಭಾಗಿಸಬೇಕು. ಉಳಿದ ಶೇಷವನ್ನು ಮತ್ತೆ ವರ್ಗ ಮಾಡಬೇಕು. ತಿಂಗಳುಗಟ್ಟಲೆ ಇದೇ. ಕಟ್ಟಕಡೆಯ ಶೇಷ ಸೊನ್ನೆಯಾದರೆ ಸಂಖ್ಯೆ ಅವಿಭಾಜ್ಯ.

ಲೆಕ್ಕ ಅರ್ಧಕ್ಕೆ ಬಂದಿದ್ದಾಗ, ಆಫೀಸಿಗೆ ಹೊರಟ ಅವನ ಸ್ಕೂಟರಿಗೆ ಜಲ್ಲಿಕಲ್ಲಿನ ಟಿಪ್ಪರ್ ಲಾರಿಯೊಂದು ಗುದ್ದಿ ಹೋಯಿತು. ನಿಲ್ಲಲೂ ಇಲ್ಲ. ಅದರ ನಂಬರ್ ಯಾರೂ ನೋಡಿರಲಿಲ್ಲ.

ನಮ್ಮಲ್ಲಿ ಹೆಣ ಮಲಗಿಸಿದ ಜಾಗದಲ್ಲಿ ದೀಪ ಇಡುತ್ತಾರೆ. ಕರ್ಮ ಮುಗಿಯುವವರೆಗೆ ಅದು ಆರಬಾರದು. ಕರ್ಮ ಮುಗಿದು ದೀಪ ತೆಗೆದರೂ ಅವ್ವ ಕಂಪ್ಯೂಟರಿಗೆ ಮಾತ್ರ ಕೈ ಹಚ್ಚಗೊಡಲಿಲ್ಲ.

“ಬಂದ್ ಮಾಡಿದ್ರೂ ಎಲ್ಲಿ ನಿಂತಿತ್ತೋ ಅಲ್ಲಿಂದನ ಮತ್ತ ಶುರು ಆಗತೈತಿ, ಅವ್ವಾ. ಒಂದೀಟು ಆರಿಸೂಣು,” ಎಂದು ರೇಗಿದೆ.

“ಅವನ ಕೆಲಸ ನಡದೈತಿ. ಮುಗೀಲಿ,” ಎಂದಳು.

ಒಂದು ಬೆಳಿಗ್ಗೆ ಕಾಲೇಜಿಗೆ ಹೊರಟವಳು ನೋಡಿದರೆ ಪರದೆಯ ಮೇಲೆ ಉತ್ತರ ಬಂದಿತ್ತು. ಶೇಷ ಸೊನ್ನೆಯಾಗಿರಲಿಲ್ಲ. ಅವ್ವ ರೊಟ್ಟಿ ಬಡಿಯುವುದನ್ನು ಬಿಟ್ಟು ಹಿಟ್ಟಿನ ಕೈಯಲ್ಲೇ ಬಂದಳು.

“ಏನಂತ?”

“ಭಾಗ ಆಗತೈತಂತ.”

“ಯಾವುದರಿಂದ?”

“ಅದನ್ನ ಹೇಳೂದಿಲ್ಲ ಇದು. ಆಗೂದು ಖರೆ ಅಂತಷ್ಟ ಹೇಳತೈತಿ.”

ಆ ಪರೀಕ್ಷೆಯ ಗುಣವೇ ಅಂಥದ್ದು. ಸಂಖ್ಯೆ ಒಡೆಯುತ್ತದೆಂದು ಸಾಬೀತು ಮಾಡುತ್ತದೆ, ಒಡೆಯುವುದು ಯಾವುದೆಂದು ತೋರಿಸುವುದಿಲ್ಲ. ಹುಡುಕಿದರೂ ನಮ್ಮ ಜನ್ಮದಲ್ಲಿ ಸಿಗದೇ ಇರಬಹುದು. ಅವ್ವನಿಗೆ ಅದನ್ನೂ ಹೇಳಿದೆ.

“ಆದ್ರ ಅದು ಎಲ್ಲೋ ಐತಿ, ಹೌದಲ್ಲ?”

“ಇರಲೇಬೇಕು.”

“ಆ ಲಾರಿನೂ ಎಲ್ಲೋ ಐತಿ,” ಎಂದವಳೇ ತಾನೇ ಸ್ವಿಚ್ ಆರಿಸಿದಳು.

ಮನೆ ಎಷ್ಟು ಸುಮ್ಮನಾಯಿತೆಂದರೆ ನನಗೆ ಅಳು ಒತ್ತರಿಸಿ ಬಂತು.

ಈಗಲೂ ಮಾದಾಪುರದ ಸಿಗ್ನಲ್ಲಿನಲ್ಲಿ ಟಿಪ್ಪರ್ ಕಂಡರೆ ಅದರ ನಂಬರ್ ಓದುತ್ತೇನೆ. ಓದಿ ಮೂರರಿಂದ, ಏಳರಿಂದ, ಹನ್ನೊಂದರಿಂದ ಭಾಗಿಸುತ್ತೇನೆ. ಲೆಕ್ಕ ಮುಗಿಯುವ ಮೊದಲೇ ಹಸಿರು ದೀಪ ಬೀಳುತ್ತದೆ, ಟಿಪ್ಪರ್ ಹೋಗಿಬಿಡುತ್ತದೆ.